ಯಾರ ಹೆಬ್ಬೆಟ್ಟು?

ಆ ಅಜ್ಜಿಗೆ ಎಪ್ಪತ್ತು ದಾಟಿದೆ. ಬುದ್ಧಿ ಬಂದಾಗಿನಿಂದ ಶೇಂಗಾ ಬಿಡಿಸಿದ ಕೈ, ಸುಗ್ಗಿ ಮುಗಿದ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದ ಕೈ. ಕೂಡ್ಲಿಗಿ ತಾಲ್ಲೂಕಿನ ನಮ್ಮ ಕಾನಹೊಸಹಳ್ಳಿ ಹೋಬಳಿಯ ಒಂದು ಊರಿನ ನ್ಯಾಯಬೆಲೆ ಅಂಗಡಿಯ ಮುಂದೆ ಅವಳು ಮಿಷನ್ನಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ನಿಂತಿದ್ದಳು. ಕೆಂಪು ದೀಪ ಬಂತು. ಸಾಲಿನಲ್ಲಿದ್ದವರು ತಲೆಗೊಂದು ಮಾತು ಹೇಳಿದರು: ಸೆರಗಿಗೆ ಒರಸು, ಹಣೆಗೆ ತಿಕ್ಕು, ನೀರು ಹಚ್ಚು, ಬ್ಯಾರೆ ಬಟ್ಟು ಇಡು. ಅಜ್ಜಿ ಎಲ್ಲವನ್ನೂ ಮಾಡಿದಳು. ಒಂದೊಂದೇ ಬೆರಳು ಇಟ್ಟು ನೋಡಿದಳು. ದೀಪ ಹಸಿರಾಗಲಿಲ್ಲ.

"ಮಿಷನ್ ತಗಳ್ತಿಲ್ಲಜ್ಜಿ, ನಾಳೆ ಬಾ" ಎಂದ ಅಂಗಡಿಯವನು. ಅವನೂ ಅದೇ ಊರಿನವನು, ಹುಡುಗನಾಗಿದ್ದಾಗ ಅವಳ ಅಂಗಳದಲ್ಲಿ ಆಡಿ, ಅವಳು ಕೊಟ್ಟ ರೊಟ್ಟಿ ತಿಂದು ಬೆಳೆದವನು. ಅಜ್ಜಿ ಸಿಟ್ಟು ಮಾಡಲಿಲ್ಲ. ಖಾಲಿ ಚೀಲ ಮಡಿಚಿ ಕಂಕುಳಿಗೆ ಇಟ್ಟುಕೊಳ್ಳುತ್ತಾ ಕೇಳಿದಳು: "ಮಿಷನ್ನಿಗೆ ನಾನ್ಯಾರು ಅಂತ ಗೊತ್ತಿಲ್ಲ, ಒಪ್ಪಿದೆ. ನಿನಗೂ ಗೊತ್ತಿಲ್ಲೇನಪ್ಪಾ?"

ಅವನು ತಲೆ ತಗ್ಗಿಸಿದ. ಸಾಲಿನಲ್ಲಿ ನಾಲ್ಕನೆಯವನಾಗಿ ನಿಂತಿದ್ದ ನನಗೂ ಆ ಅಜ್ಜಿ ಗೊತ್ತಿತ್ತು. ನಾನೂ ಸುಮ್ಮನಿದ್ದೆ. ಅಲ್ಲಿದ್ದ ಇಪ್ಪತ್ತು ಜನರಲ್ಲಿ ಒಬ್ಬರಿಗಾದರೂ ಅವಳ ಗುರುತಿನ ಬಗ್ಗೆ ಸಂಶಯವಿರಲಿಲ್ಲ. ಆದರೆ ನಮ್ಮ ಇಪ್ಪತ್ತು ಮಂದಿಯ ತಿಳಿವಳಿಕೆಗೆ ಅಲ್ಲಿ ಬೆಲೆ ಇರಲಿಲ್ಲ. ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹೆಬ್ಬೆಟ್ಟು ಎಂಬ ಮಾತು ನಮ್ಮಲ್ಲಿ ಬಹುಕಾಲ ಬೈಗುಳವಾಗಿತ್ತು. "ಅವನೇನು, ಹೆಬ್ಬೆಟ್ಟು" ಎಂದರೆ ಅಕ್ಷರ ತಿಳಿಯದವನು, ಯಾರು ಏನು ಬರೆದು ತಂದರೂ ಒತ್ತಿಬಿಡುವವನು ಎಂದರ್ಥ. ಹೊಲ ಕಳೆದುಕೊಂಡವರ ಕತೆಗಳಲ್ಲೆಲ್ಲ ಒಂದು ನೀಲಿ ಶಾಯಿಯ ಹೆಬ್ಬೆಟ್ಟು ಇರುತ್ತಿತ್ತು. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಹಳ್ಳಿಹಳ್ಳಿಗೆ ಬಂದಾಗ ನನ್ನ ಅಮ್ಮ ರಾತ್ರಿಶಾಲೆಗೆ ಹೋದಳು. ಇಡೀ ಹೊತ್ತಿಗೆ ಓದುವಷ್ಟು ಕಲಿಯಲಿಲ್ಲ. ರುಜು ಹಾಕುವುದನ್ನು ಕಲಿತಳು. ಸ್ಲೇಟಿನ ಮೇಲೆ, ಆಮೇಲೆ ಒಲೆಯ ಮುಂದಿನ ಬೂದಿಯ ಮೇಲೆ, ಹಾಲಿನ ಲೆಕ್ಕದ ಗೋಡೆಯ ಮೇಲೆ ತನ್ನ ಹೆಸರಿನ ನಾಲ್ಕು ಅಕ್ಷರ ಬರೆದು ಬರೆದು ಕೈ ಕುದುರಿಸಿಕೊಂಡಳು. ಬ್ಯಾಂಕಿನಲ್ಲಿ ಮೊದಲ ಸಲ ಶಾಯಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದ ದಿನ ಮನೆಗೆ ಬಂದವಳೇ ಅದನ್ನು ನಮಗೆಲ್ಲ ಎರಡೆರಡು ಸಲ ಹೇಳಿದ್ದಳು. ಆಗ ಅವಳ ಮುಖದಲ್ಲಿದ್ದ ಕಳೆಯನ್ನು ನಾನು ಮತ್ತೆಂದೂ ಕಾಣಲಿಲ್ಲ.

ಈಗ ಆ ನಾಲ್ಕು ಅಕ್ಷರಗಳನ್ನು ಯಾರೂ ಕೇಳುವುದಿಲ್ಲ. ಓದಿದವರೂ ಓದದವರೂ ಒಂದೇ ಸಾಲಿನಲ್ಲಿ ನಿಂತು ಬೆರಳು ಕೊಡುತ್ತೇವೆ. ಇದರಲ್ಲಿ ಒಂದು ಬಗೆಯ ಸಮಾನತೆಯೂ ಇದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ನನ್ನನ್ನು ಕಾಡುವ ಸಂಗತಿ ಬೇರೆ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಈ ಬಯಲಿನಲ್ಲಿ ಸರ್ಕಾರ ರೈತನೊಬ್ಬನ ಹೆಸರನ್ನು ನೇರವಾಗಿ ಕಾಗದಕ್ಕೆ ಇಳಿಸಿದ ಕತೆಗೆ ಎರಡು ನೂರು ವರ್ಷ ದಾಟಿದೆ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಡೇರೆ ಹಾಕಿಕೊಂಡು ಊರೂರು ತಿರುಗಿ, ಹೊಲ ಅಳೆಸಿ, ಪಾಳೆಯಗಾರರನ್ನು ಬದಿಗೆ ಸರಿಸಿ, ರೈತರೊಂದಿಗೇ ಕಂದಾಯದ ಲೆಕ್ಕ ಕಟ್ಟಿದ. ರೈತವಾರಿ ಪದ್ಧತಿ ಬೇರೂರಿದ್ದು ಹೀಗೆ. ಆ ಕಾಗದ ರೈತನನ್ನು ಪ್ರಶ್ನಿಸಬಲ್ಲದಾಗಿತ್ತು: ಎಷ್ಟು ಎಕರೆ, ಯಾವ ಮಣ್ಣು, ಎಷ್ಟು ಕಂದಾಯ. ರೈತ ಆ ಕಾಗದವನ್ನು ಪ್ರಶ್ನಿಸುವ ಹಾಗಿರಲಿಲ್ಲ. ಅದು ಇದ್ದದ್ದು ಶಾನುಭೋಗರ ಮನೆಯ ಗಂಟಿನಲ್ಲಿ. ಮದ್ರಾಸು ಆಡಳಿತದ ಭಾಷೆಯಲ್ಲಿ ಅವರು ಕರಣಂ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಕಾಯ್ದೆ ಗ್ರಾಮಾಧಿಕಾರಿಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು. ಗಂಟು ಶಾನುಭೋಗರ ಮನೆಯಿಂದ ಗ್ರಾಮಲೆಕ್ಕಿಗರ ಚೀಲಕ್ಕೆ ಬಂತು. ಬರೆಯುವವನ ಕೈ ಮಾತ್ರ ಬರೆಯುವವನ ಕೈಯಾಗಿಯೇ ಉಳಿಯಿತು. ಗಂಡ ಸತ್ತ ಹೆಣ್ಣುಮಗಳ ಹೆಸರು ಪಹಣಿಯಲ್ಲಿ ಬರುವುದೋ ಮೈದುನನ ಹೆಸರು ಬರುವುದೋ ಎಂಬುದು ಒಂದು ಗೆರೆಯಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ ತೀರ್ಮಾನವಾಗಬಹುದಿತ್ತು. ಒಂದು ಪಹಣಿ ನಕಲಿಗಾಗಿ ಕೂಡ್ಲಿಗಿಗೆ ಮೂರು ಸಲ ಹೋಗಿ ಬಂದ ನನ್ನ ಅಜ್ಜ ಕೊನೆಗೆ ಸಿಕ್ಕ ಕಾಗದವನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದ.

ಊರಿನವರೇ ಬಲ್ಲವರಾಗಿದ್ದ ಕಾಲ ಒಳ್ಳೆಯದಾಗಿತ್ತೆಂದು ನಾನು ಹೇಳಲಾರೆ. ಪಂಚನಾಮೆಗೆ ರುಜು ಹಾಕುವ ಆ ಐದು ಜನ ಯಾರು ಎಂದು ಯೋಚಿಸಿದರೆ ಸಾಕು. ಹೊಲ ಇದ್ದವರು, ಗಂಡಸರು, ಮೇಲಿನ ಕೇರಿಯವರು. ಅವರ ಸಾಕ್ಷಿಯಲ್ಲಿ ಕೆಳಗಿನ ಕೇರಿಯವನ ಹೊಲದ ಬದು ಎಷ್ಟು ಸಲ ಒಳಕ್ಕೆ ಸರಿದಿದೆಯೋ ಲೆಕ್ಕ ಇಟ್ಟವರಿಲ್ಲ.

ಆದ್ದರಿಂದಲೇ 'ಭೂಮಿ' ಯೋಜನೆ ಬಂದಾಗ ಆದ ಬದಲಾವಣೆಯನ್ನು ನಾನು ಸಣ್ಣದೆಂದು ಎಂದೂ ಭಾವಿಸಿಲ್ಲ. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳು ಕಂಪ್ಯೂಟರಿಗೆ ಏರಿದವು. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿ 177 ತಾಲ್ಲೂಕು ಕಚೇರಿಗಳ ಕಿಂಡಿಗಳಲ್ಲಿ 15 ರೂಪಾಯಿಗೆ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಒಳಗೆ ಕೂತ ನೌಕರ ಏನು ಮಾಡುತ್ತಿದ್ದಾನೆಂದು ಹೊರಗೆ ನಿಂತ ರೈತನಿಗೂ ಕಾಣಲಿ ಎಂದು ಅವನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇಟ್ಟರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ನಡುವೆ ನುಗ್ಗಿಸುವಂತಿಲ್ಲ ಎಂದು ತಂತ್ರಾಂಶವೇ ತಡೆ ಹಾಕಿತು.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ನಾವು ಮರೆತಿದ್ದೇವೆ. ಆ ಕಂಪ್ಯೂಟರ್ ಆವತ್ತೇ ಬೆರಳಚ್ಚು ಕೇಳುತ್ತಿತ್ತು. ರೈತನದ್ದಲ್ಲ, ನೌಕರನದ್ದು. ದಾಖಲೆಯಲ್ಲಿ ಒಂದು ಅಕ್ಷರ ತಿದ್ದಬೇಕಾದರೂ ತಿದ್ದುವವನು ಮೊದಲು ತನ್ನ ಬೆರಳು ಕೊಟ್ಟು ಒಳಹೋಗಬೇಕು. ನಾಳೆ ಯಾರಾದರೂ ಬಂದು "ಈ ಗೆರೆ ಬರೆದವರು ಯಾರು?" ಎಂದು ಕೇಳಿದರೆ "ನಾನಲ್ಲ" ಎಂದು ತಪ್ಪಿಸಿಕೊಳ್ಳುವ ದಾರಿ ಅವನಿಗೆ ಇರಬಾರದು. ಸರ್ಕಾರ ತನ್ನ ಮೇಲೆ ತಾನೇ ಕಾವಲು ಇಟ್ಟುಕೊಂಡಿತ್ತು. ತಲೆಮಾರುಗಳ ಕಾಲ ರೈತನಿಂದಲೇ ಹೆಬ್ಬೆಟ್ಟು ಒತ್ತಿಸಿಕೊಂಡ ಕಚೇರಿ ಮೊದಲ ಬಾರಿಗೆ ತನ್ನ ಹೆಬ್ಬೆಟ್ಟನ್ನು ರೈತನಿಗೆ ಕೊಟ್ಟಿತ್ತು.

'ಭೂಮಿ'ಗೆ ಟೀಕೆಗಳೂ ಬಂದವು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ, ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಭೂಮಿ ಹುಡುಕುವುದು ಸುಲಭವಾಯಿತೆಂದೂ, ಲಂಚ ನಿಲ್ಲಲಿಲ್ಲವೆಂದೂ ತೋರಿಸಿದರು. ಅದು ನಿಜವಿರಬಹುದು. ಆದರೂ ಆ ಬೆರಳಚ್ಚು ಯಾರ ಕಡೆಗಿತ್ತು ಎಂಬುದನ್ನು ನಾನು ಬಿಟ್ಟುಕೊಡಲಾರೆ.

ಅದೇ ದಾರಿಯಲ್ಲಿ 'ಸಕಾಲ' ಬಂತು. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆ 2012ರ ಏಪ್ರಿಲ್‌ನಲ್ಲಿ ರಾಜ್ಯವ್ಯಾಪಿ ಜಾರಿಯಾದಾಗ 11 ಇಲಾಖೆಗಳ 151 ಸೇವೆಗಳಿಗೆ ದಿನಗಳ ಗಡುವು ಬಿತ್ತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಒಂದು ಸಂಖ್ಯೆ. ಗಡುವು ಮೀರಿದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದೂ ತಪ್ಪಿತಸ್ಥ ನೌಕರನ ಸಂಬಳದಿಂದ. ದುಡ್ಡು ಎಷ್ಟು ಜನರಿಗೆ ಸಿಕ್ಕಿತು ಎಂಬುದು ಇಲ್ಲಿ ದೊಡ್ಡ ಮಾತಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ನಾಡಕಚೇರಿಯಿಂದ ಹೊರಬರುವ ಹುಡುಗಿಯ ಕೈಯಲ್ಲಿ ಒಂದು ಚೀಟಿ ಇತ್ತು, ಆ ಚೀಟಿಯಲ್ಲಿ ಸರ್ಕಾರ ಅವಳಿಗೆ ಕೊಟ್ಟ ಮಾತಿನ ತಾರೀಖು ಇತ್ತು. 'ನಾಳೆ ಬಾ' ಎಂಬ ಮಾತಿನ ಬೆನ್ನು ಮುರಿಯಲು ಮಾಡಿದ ಪ್ರಯತ್ನ ಅದು.

ಹೋಬಳಿ ಮಟ್ಟಕ್ಕೆ ಬಂದ ನಾಡಕಚೇರಿ, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಆಮೇಲಿನ ಗ್ರಾಮ ಒನ್ ಇವೆಲ್ಲ ನಮ್ಮ ಜನರ ಕಾಲು ಸವೆಯುವುದನ್ನು ಕಡಿಮೆ ಮಾಡಿವೆ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಸೀಮೆ ನಮ್ಮದು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ ಮನೆಗೆ ಬೀಗ ಹಾಕಿ ಹೋಗುತ್ತಾರೆ. ಮೊದಲೆಲ್ಲ ಗುಳೆ ಹೋದವರ ರೇಷನ್ ಊರಲ್ಲೇ ಉಳಿಯುತ್ತಿತ್ತು, ಅದು ಯಾರ ಪಾಲಾಗುತ್ತಿತ್ತೋ ದೇವರಿಗೇ ಗೊತ್ತು. ಈಗ ಅದೇ ಕಾರ್ಡಿನ ಮೇಲೆ ಬೇರೆ ಊರಿನ ಅಂಗಡಿಯಲ್ಲಿ ಅಕ್ಕಿ ಎತ್ತಬಹುದು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬಂತು, ಗಂಡನ ಕೈ ದಾಟಿ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ತಮ್ಮದೇ ದುಡ್ಡು ಎಣಿಸಿದ ಹೆಣ್ಣುಮಕ್ಕಳು ನನ್ನ ಓಣಿಯಲ್ಲೇ ಇದ್ದಾರೆ. ಕಂಪ್ಯೂಟರ್ ಇಲ್ಲದೆ ಇದು ಆಗುತ್ತಿರಲಿಲ್ಲ.

ಹಾಗಾದರೆ ಆ ಅಜ್ಜಿಯ ಚೀಲ ಖಾಲಿಯಾಗಿ ಹಿಂದಿರುಗಿದ್ದು ಏಕೆ?

ನನಗೆ ತೋಚುವುದು ಇಷ್ಟು. ನಡುವೆ ಎಲ್ಲೋ, ಯಾರೂ ಸಭೆ ಸೇರಿ ತೀರ್ಮಾನಿಸದೆ, ಬೆರಳಚ್ಚಿನ ಯಂತ್ರ ಮುಖ ತಿರುಗಿಸಿತು. ಕಚೇರಿಯ ಒಳಗಿನವನ ಕಡೆಗಿದ್ದದ್ದು ಹೊರಗೆ ನಿಂತವನ ಕಡೆಗೆ ತಿರುಗಿತು. 'ಬರೆದವನು ನೀನೇ ಎಂದು ರುಜುವಾತು ಮಾಡು' ಎಂದು ನೌಕರನನ್ನು ಕೇಳುತ್ತಿದ್ದದ್ದು, 'ನೀನು ನೀನೇ ಎಂದು ರುಜುವಾತು ಮಾಡು' ಎಂದು ಬಡವನನ್ನು ಕೇಳತೊಡಗಿತು. ರೇಷನ್‌ಗೆ ಬೆರಳು, ಕಾರ್ಡಿನ ಇ-ಕೆವೈಸಿಗೆ ಮನೆಮಂದಿಯೆಲ್ಲರ ಬೆರಳು, ಬ್ಯಾಂಕ್ ಮಿತ್ರನ ಹತ್ತಿರ ಮಾಸಾಶನ ಬಿಡಿಸಲು ಬೆರಳು. ಕದಿಯುವವನು ಯಾರು ಎಂಬ ಸಂಶಯ ಕೊಡುವವನಿಂದ ಪಡೆಯುವವನ ಮೇಲೆ ಬಿತ್ತು.

ಬೆರಳು ಮಾತ್ರವಲ್ಲ, ಹೆಸರೂ ಹಾಗೇ. ಕೊಟ್ಟೂರಿನ ಗುರುಬಸವೇಶ್ವರನಿಗೆ ನಡೆದುಕೊಳ್ಳುವ ನಮ್ಮ ಸೀಮೆಯಲ್ಲಿ ಮನೆಗೊಬ್ಬ ಕೊಟ್ರೇಶ ಇರುತ್ತಾನೆ. ಶಾಲೆಯ ದಾಖಲೆಯಲ್ಲಿ ಕೊಟ್ರೇಶ, ಪಹಣಿಯಲ್ಲಿ 'ಅಪ್ಪ' ಸೇರಿ ಕೊಟ್ರಪ್ಪ, ಆಧಾರಿನಲ್ಲಿ ಇಂಗ್ಲಿಷಿನ ಒಂದು 'ಟಿ', ಬ್ಯಾಂಕಿನಲ್ಲಿ ಎರಡು 'ಟಿ'. ಅವ್ವ ಕೂಗಿ ಕರೆದರೆ ನಾಲ್ಕಕ್ಕೂ ಓಗೊಡುವವನು ಒಬ್ಬನೇ. ಯಂತ್ರಕ್ಕೆ ಮಾತ್ರ ನಾಲ್ಕು ಜನ. ವಿಳಾಸದ್ದೂ ಅದೇ ಪಾಡು. ಹರಪನಹಳ್ಳಿಯ ಮುದುಕನೊಬ್ಬ ಹುಟ್ಟಿದ ಮನೆಯ ಹೊಸ್ತಿಲು ಬಿಟ್ಟು ಕದಲದೆಯೇ ಬಳ್ಳಾರಿ ಜಿಲ್ಲೆಯವನಾಗಿ, 1997ರಲ್ಲಿ ದಾವಣಗೆರೆಯವನಾಗಿ, ಮತ್ತೆ ಬಳ್ಳಾರಿಯವನಾಗಿ, 2021ರಲ್ಲಿ ವಿಜಯನಗರದವನಾಗಿದ್ದಾನೆ. ಅವನ ಒಂದೊಂದು ಕಾಗದವೂ ಒಂದೊಂದು ಜಿಲ್ಲೆಯ ಹೆಸರು ಹೇಳುತ್ತದೆ. ಜಿಲ್ಲೆ ಬದಲಿಸಿದ್ದು ಸರ್ಕಾರ. ತಿದ್ದುಪಡಿಗೆ ಸಾಲು ನಿಲ್ಲಬೇಕಾದವನು ಅವನು.

2023ರ ಬರ ನೆನಪಿದೆಯಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಮುಂದಿನ ವರ್ಷದ ಆರಂಭದಲ್ಲಿ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ರೈತರ ಖಾತೆಗೆ ನೇರ ಜಮೆಯಾಯಿತು. ಅದಕ್ಕೆ 'ಫ್ರೂಟ್ಸ್' ತಂತ್ರಾಂಶದ ನೋಂದಣಿ, ಜನ ಹೇಳುವ ಹಾಗೆ 'ಎಫ್‌ಐಡಿ', ಇರಬೇಕಿತ್ತು. ಎಫ್‌ಐಡಿಗೆ ಪಹಣಿಯಲ್ಲಿ ಹೆಸರಿರಬೇಕು. ನಮ್ಮ ಕಡೆ ಎಷ್ಟೋ ಹೊಲಗಳು ಇಂದಿಗೂ ಸತ್ತುಹೋದ ಅಜ್ಜನ ಹೆಸರಿನಲ್ಲೇ ಇವೆ. ಪೌತಿ ಖಾತೆ ಮಾಡಿಸಲು ಅಣ್ಣತಮ್ಮಂದಿರು ಒಟ್ಟಿಗೆ ಕೂರಬೇಕು, ವಂಶವೃಕ್ಷ ಆಗಬೇಕು, ಅಷ್ಟರಲ್ಲಿ ಒಬ್ಬ ಗುಳೆ ಹೋಗಿರುತ್ತಾನೆ. ಆ ವರ್ಷ ಮೆಕ್ಕೆಜೋಳ ಒಣಗಿದ್ದು ಮೊಮ್ಮಗನ ಕಣ್ಣೆದುರು. ಬಿತ್ತಿದವನು, ಸಾಲ ಮಾಡಿದವನು ಅವನು. ತಂತ್ರಾಂಶಕ್ಕೆ ಗೊತ್ತಿದ್ದ ರೈತ ಮಾತ್ರ ಇಪ್ಪತ್ತು ವರ್ಷದ ಹಿಂದೆ ಮಣ್ಣಾದವನು. ಊರಿನ ಗ್ರಾಮ ಆಡಳಿತಾಧಿಕಾರಿಗೆ ಆ ಮೊಮ್ಮಗ ಗೊತ್ತು, ಅವನ ಹೊಲದ ದಾರಿಯೂ ಗೊತ್ತು. ಗೊತ್ತಿರುವುದನ್ನು ಬರೆಯಲು ಪರದೆಯ ಮೇಲೆ ಜಾಗ ಇಲ್ಲ.

ಈ ಆಡಳಿತಾಧಿಕಾರಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಕೂರಲು ಸರಿಯಾದ ಕಚೇರಿ ಇಲ್ಲ, ಕಂಪ್ಯೂಟರ್ ಇಲ್ಲ, ಒಂದೇ ಫೋನಿನಲ್ಲಿ ಹತ್ತಾರು ಆಪ್‌ಗಳನ್ನು ತುಂಬಬೇಕು ಎಂಬುದು ಅವರ ಗೋಳಾಗಿತ್ತು. ಊರಿನಲ್ಲಿ ಜನರ ಮುಖ ನೋಡಿ ಕೆಲಸ ಮಾಡಬೇಕಾದವರು ಆಪಿನ ಮುಖ ನೋಡುತ್ತಾ ಸವೆದು ಹೋಗುತ್ತಿದ್ದಾರೆ. ಅವರನ್ನು ನಾನು ದೂರಲಾರೆ.

ಉದ್ಯೋಗ ಖಾತ್ರಿ ಕೆಲಸದಲ್ಲಿ ಯಂತ್ರದ ಈ ಅಪನಂಬಿಕೆ ಇನ್ನೊಂದು ರೂಪದಲ್ಲಿ ಬಂತು. 2023ರ ಜನವರಿ 1ರಿಂದ ನರೇಗಾ ಕೂಲಿಕಾರರ ಹಾಜರಿಯನ್ನು ದಿನಕ್ಕೆರಡು ಸಲ ಫೋಟೋ ತೆಗೆದು ಆಪಿಗೆ ಏರಿಸುವುದು ಎಲ್ಲ ಕಡೆ ಕಡ್ಡಾಯವಾಯಿತು. ನಮ್ಮ ರಾಜ್ಯದಲ್ಲಿ ಕೂಲಿಕಾರರ ಗುಂಪಿನ ಮೇಟಿಗೆ 'ಕಾಯಕ ಬಂಧು' ಎಂದು ಹೆಸರು. ಎಷ್ಟು ಒಳ್ಳೆಯ ಹೆಸರು ಅದು! ಯಾರು ಬಂದರು, ಯಾರು ಎಷ್ಟು ಮಣ್ಣು ಎತ್ತಿದರು ಎಂದು ಬಲ್ಲವನು ಬಂಧು. ಗುಡೇಕೋಟೆ ಕಡೆಯ ಗುಡ್ಡಗಳ ಮಗ್ಗುಲಲ್ಲಿ ಕೆರೆಯ ಹೂಳೆತ್ತುವವರ ನಡುವೆ ಆ ಬಂಧು ಫೋನು ಮೇಲೆತ್ತಿ ನೆಟ್‌ವರ್ಕಿಗಾಗಿ ಏರಿಯ ಮೇಲೆ ಅಲೆಯುತ್ತಾನೆ. ಫೋಟೋ ಹೋಗದಿದ್ದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಬೆನ್ನು ಬಾಗಿಸಿ ದುಡಿದದ್ದಕ್ಕೆ ಬೆನ್ನೇ ಸಾಕ್ಷಿಯಾಗಿತ್ತು, ಅದೀಗ ಸಾಲದು. ಮೋಸವಾದರೂ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳನ್ನೂ, ಫೋಟೋದ ಫೋಟೋಗಳನ್ನೂ ಏರಿಸುತ್ತಿದ್ದಾರೆಂದು ಒಪ್ಪಿಕೊಂಡಿತು. ಏರಿಸಿದ ಚಿತ್ರಗಳನ್ನು ಪಂಚಾಯಿತಿಯ ಮಟ್ಟದಲ್ಲಿ ಮನುಷ್ಯರೇ ಕೂತು ಪರಿಶೀಲಿಸಬೇಕೆಂದಿತು. ಮನುಷ್ಯನ ಸಾಕ್ಷಿಯನ್ನು ನಂಬದೆ ಯಂತ್ರವನ್ನು ತಂದು, ಯಂತ್ರದ ಸಾಕ್ಷಿಯನ್ನು ನೋಡಲು ಮತ್ತೆ ಮನುಷ್ಯನನ್ನೇ ಕೂರಿಸಬೇಕಾಯಿತು.

ಇನ್ನೊಂದು ವಿಷಯವಿದೆ. ಅದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೂ ಬರೆಯಬೇಕು. ನಮ್ಮ ಸೀಮೆ ದೇವದಾಸಿ ಪದ್ಧತಿಯ ಗಾಯ ಹೊತ್ತ ಸೀಮೆ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರನ್ನು ಪಟ್ಟಿ ಮಾಡಿದವು. ಆ ತಾಯಂದಿರ ಮಕ್ಕಳು ಶಾಲೆಗೆ ಸೇರಿದರು, ಕಾಲೇಜಿಗೆ ಬಂದರು, ವಿದ್ಯಾರ್ಥಿವೇತನಕ್ಕೆ ಆನ್‌ಲೈನ್ ಅರ್ಜಿ ತುಂಬಲು ಕೂತರು. ಅಲ್ಲಿ 'ತಂದೆಯ ಹೆಸರು' ಎಂಬ ಕಾಲಮ್ಮು, ಅದರ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಕೆಂಪು ಚುಕ್ಕೆ ಎಂದರೆ ಅದನ್ನು ತುಂಬದೆ ಮುಂದಿನ ಪುಟ ತೆರೆಯದು.

ಕಾಗದದ ಅರ್ಜಿಯ ಕಾಲದಲ್ಲೂ ಆ ಕಾಲಮ್ಮು ಇತ್ತು. ಆಗಲೂ ನೋವಿತ್ತು. ಆದರೆ ಕಾಗದದಲ್ಲಿ ಒಂದು ಗೆರೆ ಎಳೆದು ಬಿಡಬಹುದಿತ್ತು. ತಿಳಿದ ಹೆಡ್‌ಮಾಸ್ಟರೊಬ್ಬರು ಏನೂ ಕೇಳದೆ ತಾಯಿಯ ಹೆಸರು ಬರೆದು, ಕನ್ನಡಕ ಸರಿಮಾಡಿಕೊಂಡು, "ಹೋಗಿ ಬಾಮ್ಮ" ಎನ್ನಬಹುದಿತ್ತು. ಅಂಥ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ. ಯಂತ್ರಕ್ಕೆ ನಾಚಿಕೆ ಇಲ್ಲ, ದಾಕ್ಷಿಣ್ಯ ಇಲ್ಲ, ಒಂದು ಹುಡುಗಿ ಕಣ್ಣು ತಗ್ಗಿಸಿದ್ದು ಅದಕ್ಕೆ ಕಾಣುವುದಿಲ್ಲ. ಆ ಕೆಂಪು ಚುಕ್ಕೆಯನ್ನು ಇಟ್ಟವನು ಯಾರೋ ಎಲ್ಲೋ ಒಬ್ಬ ಮನುಷ್ಯ. ಅವನು ಕೆಟ್ಟವನಾಗಿರಲಿಕ್ಕಿಲ್ಲ. ಅವನಿಗೆ ಈ ಹುಡುಗಿ ನೆನಪಾಗಲಿಲ್ಲ, ಅಷ್ಟೇ. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ, ಅರ್ಜಿ-ದಾಖಲೆಗಳಲ್ಲಿ ಈ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯವಲ್ಲವೆಂದಿದೆ. ತಡವಾಗಿಯಾದರೂ ಬಂದ ಆ ಸಾಲನ್ನು ಓದಿ ನನಗೆ ಕಣ್ಣು ತೇವವಾಯಿತು. ಕಾನೂನು ಒಪ್ಪಿದ್ದನ್ನು ಒಂದೊಂದು ಜಾಲತಾಣದ ಒಂದೊಂದು ಕಾಲಮ್ಮಿನಿಂದಲೂ ಕೀಳುವ ಕೆಲಸವನ್ನು ಯಾರು ತಮ್ಮದೆಂದುಕೊಳ್ಳುತ್ತಾರೆ ಎಂಬುದೇ ಈಗಿನ ಪ್ರಶ್ನೆ.

ಇದು ನಮ್ಮಂಥ ಬಡ ಸೀಮೆಯ ಕಷ್ಟ ಮಾತ್ರ ಎಂದುಕೊಂಡಿದ್ದವನಿಗೆ ಬ್ರಿಟನ್ನಿನ ಅಂಚೆಯವರ ಕತೆ ಓದಿ ಎದೆ ಝಲ್ಲೆಂದಿತು. 1999ರಲ್ಲಿ ಅಲ್ಲಿನ ಅಂಚೆ ಸಂಸ್ಥೆ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶವನ್ನು ತಂದಿತು. ಅದರ ದೋಷದಿಂದ ಸಣ್ಣ ಊರುಗಳ ಅಂಚೆ ಕಚೇರಿಗಳಲ್ಲಿ ಹಣ ಕಡಿಮೆ ಇದ್ದಂತೆ ತೋರಿತು. 'ನಾವು ಕದ್ದಿಲ್ಲ' ಎಂದು ಅಂಚೆಯವರು ಬೇಡಿಕೊಂಡರೂ ಯಾರೂ ನಂಬಲಿಲ್ಲ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದುಕೊಂಡರು. ಸುಮಾರು 15 ವರ್ಷಗಳಲ್ಲಿ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಕೆಲವರು ಜೀವ ಕಳೆದುಕೊಂಡರು. ಅವರ ಶಿಕ್ಷೆಯನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಅಲ್ಲಿನ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಹತ್ತಾರು ವರ್ಷ ಊರಿನವರ ವಿಶ್ವಾಸ ಗಳಿಸಿದ ಮನುಷ್ಯರ ಮಾತಿಗಿಂತ ಪರದೆಯ ಮೇಲಿನ ಅಂಕಿ ದೊಡ್ಡದಾಗಿತ್ತು. ಆ ಅಂಚೆಯವರಿಗೂ ನಮ್ಮ ಅಜ್ಜಿಯ ಪ್ರಶ್ನೆ ಅರ್ಥವಾಗುತ್ತಿತ್ತು.

ನಮ್ಮಲ್ಲಿ ನಿಯಮ ಇಲ್ಲ ಎಂದೇನೂ ಅಲ್ಲ. ಬೆರಳು ಹೊಂದದ ಕಾರಣಕ್ಕೆ ಯಾರಿಗೂ ರೇಷನ್ ನಿರಾಕರಿಸಬಾರದು, ಬೇರೆ ದಾರಿಯಲ್ಲಿ ಗುರುತು ನೋಡಿ, ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಈ ಹೊರಗುಳಿಯುವವರ ಪ್ರಶ್ನೆ ಬಂದಿತ್ತು. ನಿಯಮ ಇದೆ. ಆದರೆ ಆ ಪುಸ್ತಕದಲ್ಲಿ ಬರೆದು ಕೊಡಬೇಕಾದರೆ ಒಬ್ಬ ಮನುಷ್ಯ ರುಜು ಹಾಕಬೇಕು. 'ಈಕೆಯನ್ನು ನಾನು ಬಲ್ಲೆ, ತಪ್ಪಾದರೆ ಹೊಣೆ ನನ್ನದು' ಎಂದು ಬರೆಯಬೇಕು. ಅಂಗಡಿಯವನು ಹೆದರುತ್ತಾನೆ, ಹೀಗೆ ಬರೆದವರ ಮೇಲೆಯೇ ನಾಳೆ ತನಿಖೆಯ ಕಣ್ಣು ಬೀಳುತ್ತದೆ ಎಂದು ಅವನಿಗೆ ಗೊತ್ತು. ಅವನ ಮೇಲಿನವರೂ ಹೆದರುತ್ತಾರೆ. 'ಸರ್ವರ್ ಡೌನ್' ಎಂದು ಹೇಳಿದರೆ ಯಾರ ಮೇಲೂ ಏನೂ ಬರುವುದಿಲ್ಲ. ಹಸಿದವರನ್ನು ವಾಪಸು ಕಳಿಸಿದವನಿಗೆ ದಂಡವಿಲ್ಲ, ಬಲ್ಲೆನೆಂದು ರುಜು ಹಾಕಿದವನಿಗೆ ಅಪಾಯ. 'ಭೂಮಿ'ಯ ಆ ಮೊದಲ ದಿನಗಳಲ್ಲಿ ನೌಕರನಿಂದ ಕೇಳಿದ್ದ ಬೆರಳಚ್ಚು ಇಲ್ಲಿ ಬೇಕಾಗಿತ್ತು: ಇವತ್ತು ಈ ಅಂಗಡಿಯಿಂದ ಇಷ್ಟು ಜನ ಬರಿಗೈಯಲ್ಲಿ ಹೋದರು, ಕಳಿಸಿದವನು ನಾನು, ಕಾರಣ ಇದು ಎಂದು. ಕೊಟ್ಟದ್ದಕ್ಕೆಲ್ಲ ನಮ್ಮಲ್ಲಿ ದಾಖಲೆ ಇದೆ. ಕೊಡದೇ ಇದ್ದದ್ದಕ್ಕೆ ಯಾರ ಹೆಬ್ಬೆಟ್ಟೂ ಇಲ್ಲ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿಟ್ಟ ಹುತಾತ್ಮರ ಸ್ಮಾರಕವಿದೆ. ತಾಲ್ಲೂಕು ಕಚೇರಿಗೆ ಹೋದಾಗಲೆಲ್ಲ ನಾನು ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಯಾವ ಕೆಲಸ ಮಾಡುವ ಮುನ್ನವೂ ನೀನು ಕಂಡ ಅತಿ ಬಡವನ ಮುಖವನ್ನು ನೆನಪಿಸಿಕೋ ಎಂಬ ಅರ್ಥದ ಮಾತನ್ನು ಗಾಂಧೀಜಿ ತಮ್ಮ ಕೊನೆಯ ದಿನಗಳಲ್ಲಿ ಬರೆದಿಟ್ಟು ಹೋದರು. ಈಗ ಮುಖ ಗುರುತಿಸುವ ಯಂತ್ರಗಳೂ ಬಂದಿವೆ. ಮುಖವನ್ನು ಅಳೆಯುವುದಕ್ಕೂ ನೆನೆಯುವುದಕ್ಕೂ ಇರುವ ದೂರವನ್ನು ಆ ಕಟ್ಟೆಯ ಮೇಲೆ ಕೂತು ಯೋಚಿಸುತ್ತೇನೆ. ಯಂತ್ರ ತಾನಾಗಿ ನೆನೆಯಲಾರದು. ಅದನ್ನು ಕಟ್ಟುವವನು ನೆನೆದಿದ್ದರೆ ಕೆಂಪು ಚುಕ್ಕೆ ಇರುತ್ತಿರಲಿಲ್ಲ, ಕೊಟ್ರೇಶ ನಾಲ್ಕಾಗುತ್ತಿರಲಿಲ್ಲ, ಅಂಗಡಿಯವನ ಮುಂದೆ 'ನಾನು ಬಲ್ಲೆ' ಎಂದು ಒತ್ತಲು ಒಂದು ಗುಂಡಿಯಾದರೂ ಇರುತ್ತಿತ್ತು.

ಆ ತಿಂಗಳು ನಾನು ಅಜ್ಜಿಯ ಜೊತೆ ಎರಡು ಸಲ ಹೋದೆ. ಮೊದಲ ದಿನ ಸುಮ್ಮನಿದ್ದದ್ದಕ್ಕೆ ಅದು ಪ್ರಾಯಶ್ಚಿತ್ತವೇನೂ ಅಲ್ಲ. ಎರಡನೆಯ ಸಲ, ಬಹಳ ಹೊತ್ತು ತಿಣುಕಾಡಿದ ಮೇಲೆ, ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಬಂತು. ಸಾಲಿನಲ್ಲಿದ್ದವರೆಲ್ಲ ತಾವೇ ಪರೀಕ್ಷೆ ಪಾಸಾದಂತೆ ಸಂತೋಷಪಟ್ಟರು. ಅಂಗಡಿಯವನು ಅಕ್ಕಿ ತೂಗಿ, ತಾನೇ ಚೀಲ ಹೊತ್ತು ಅವಳ ಮನೆಯವರೆಗೆ ಬಂದ.

ಮೊನ್ನೆ ಶೇಂಗಾ ಕಿತ್ತಿದ್ದರು. ಅವಳ ಮನೆಯ ಮುಂದೆ ಹಾದು ಹೋಗುವಾಗ ನೋಡಿದೆ, ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಬಿಡಿಸುತ್ತಾ ಕೂತಿದ್ದಳು. ಎಡಗೈಯ ಉಂಗುರದ ಬೆರಳಿಗೆ ಹಳೆಯ ಸೀರೆಯ ಅಂಚು ಹರಿದು ದಪ್ಪಗೆ ಸುತ್ತಿ ಕಟ್ಟಿದ್ದಳು. ಗಾಯವಾಯಿತೇನಜ್ಜಿ ಎಂದು ಕೇಳಿದೆ.

"ಇಲ್ಲಪ್ಪಾ" ಎಂದಳು, ಆ ಬೆರಳನ್ನು ಎದೆಯ ಹತ್ತಿರ ಎತ್ತಿ ಹಿಡಿದು. "ಇದೊಂದನ್ನ ಅಕ್ಕಿಗೆ ಅಂತ ಇಟ್ಟೀನಿ. ಸವೆದ್ರೆ ಏನ್ ಮಾಡ್ಲಿ?"